ಬೀಸಿಗೆ ತಕ್ಕ ಕೋಲು

ಗಾಲ್ಫ್ ಚೆಂಡು ದಾರಿ ತಪ್ಪಿದರೆ ತಪ್ಪು ಆಡುವವನದೋ, ಅವನ ಕೈಯಲ್ಲಿರುವ ಕೋಲಿನದೋ? ಮೇಜಿನ ಅಂಚು ಮತ್ತು ಒಂದು ಉಕ್ಕಿನ ಅಳತೆಪಟ್ಟಿ ಇದ್ದರೆ ಈ ಪ್ರಶ್ನೆಗೆ ಅರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ.

ಕಳೆದ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ. ಊಟದ ಬಿಡುವಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಳೆಯ ಲುಂಗಿ ಸುತ್ತಿದ ಉದ್ದನೆಯ ವಸ್ತುವೊಂದಿತ್ತು. ಬಿಚ್ಚಿದರೆ ಗಾಲ್ಫ್ ಕ್ಲಬ್, ಅಂದರೆ ಗಾಲ್ಫ್ ಆಡುವ ಕೋಲು! ಹುಡುಗನ ತಂದೆ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದಾರೆ. ಅಲ್ಲಿ ಆಡಲು ಬರುವವರೊಬ್ಬರು ತಾವು ಬಳಸದೆ ಬಿಟ್ಟಿದ್ದ ಐದನೇ ನಂಬರಿನ ‘ಐರನ್’ ಅನ್ನು ಹುಡುಗ ಆಡಿಕೊಳ್ಳಲಿ ಎಂದು ಕೊಟ್ಟಿದ್ದರು. ಉದ್ದ ಹೆಚ್ಚಾಯಿತೆಂದು ತಂದೆ ಮೇಲಿನ ಐದು ಅಂಗುಲವನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಸೈಕಲ್ಲಿನ ಹಳೆಯ ಟ್ಯೂಬ್ ಸುತ್ತಿ ಹಿಡಿ ಮಾಡಿಕೊಟ್ಟಿದ್ದರು.

“ಸಾರ್, ಇದರಲ್ಲಿ ಹೊಡೆದ್ರೆ ಚೆಂಡು ಮೇಲೇಳೋದೇ ಇಲ್ಲ. ನೆಟ್ಟಗೆ ಹೊಡೆದ್ರೂ ಬಲಕ್ಕೇ ಹೋಗುತ್ತೆ. ಮೊಣಕೈನೂ ನೋಯುತ್ತೆ. ಅಲ್ಲಿರೋರೆಲ್ಲ ನಿಂಗೆ ಈ ಆಟ ಕೂಡಿಬರಲ್ಲ, ಬಿಟ್ಟುಬಿಡು ಅಂತಾರೆ. ಅಪ್ಪನೂ ಹಾಗೇ ಅಂತಿದ್ದಾರೆ. ಇದು ನನ್ನ ತಪ್ಪಾ, ಕೋಲಿನ ತಪ್ಪಾ ಸಾರ್?”

ಮೂವತ್ತು ವರ್ಷದ ಹತ್ತಿರ ಬಲ, ಚಲನೆ, ಕಂಪನ ಎಂದು ಪಾಠ ಮಾಡಿದವನು ನಾನು. ಆದರೆ ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಬೆಂಗಳೂರಿನ ಹಳೆಯ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅದರ ಬೇಲಿಯಾಚೆಯ ರಸ್ತೆಯಲ್ಲಿ ನೂರಾರು ಬಾರಿ ಬಸ್ಸಿನಲ್ಲಿ ಹೋಗಿದ್ದರೂ ಅದು ನಮ್ಮಂಥವರ ಆಟವಲ್ಲ ಎಂದುಕೊಂಡಿದ್ದೆ. ಹುಡುಗನ ಪ್ರಶ್ನೆ ಮಾತ್ರ ಶುದ್ಧ ವಿಜ್ಞಾನದ್ದು. ಗೊತ್ತಿಲ್ಲ ಎಂದು ಕಳಿಸಲು ಮನಸ್ಸು ಬರಲಿಲ್ಲ. ಒಂದು ತಿಂಗಳು ಓದಿದೆ, ಬಲ್ಲವರನ್ನು ಕೇಳಿದೆ, ಮೇಜಿನ ಮೇಲೆ ಪ್ರಯೋಗ ಮಾಡಿದೆ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಹಿಕರಿಯಿಂದ ಗ್ರಾಫೈಟಿನವರೆಗೆ

ಗಾಲ್ಫ್ ಕ್ಲಬ್ಬಿಗೆ ಮೂರು ಭಾಗಗಳು. ಕೈಯಲ್ಲಿ ಹಿಡಿಯುವುದು ಹಿಡಿ. ಚೆಂಡಿಗೆ ತಾಗುವುದು ತಲೆ. ಇವೆರಡನ್ನೂ ಜೋಡಿಸುವ ಸಪೂರ ಕೋಲೇ ‘ಶಾಫ್ಟ್’. ನಿಯಮದ ಪ್ರಕಾರ ಆಟಗಾರನೊಬ್ಬ 14 ಕ್ಲಬ್‌ಗಳವರೆಗೆ ಒಯ್ಯಬಹುದು. ಅತಿ ಉದ್ದನೆಯದು ‘ಡ್ರೈವರ್’, ಸುಮಾರು 45 ಅಂಗುಲ. ಅಂಗಡಿಗೆ ಹೋದವರ ಕಣ್ಣು ಮೊದಲು ಹೋಗುವುದು ಫಳಫಳ ಹೊಳೆಯುವ ತಲೆಯ ಕಡೆಗೆ. ಅದರ ಹಿಂದಿರುವ ಕೋಲಿನ ಬಗ್ಗೆ ಕೇಳುವವರು ಕಡಿಮೆ.

ಸ್ಕಾಟ್ಲೆಂಡಿನಲ್ಲಿ ಈ ಆಟ ಬೆಳೆದಾಗ ಕೋಲುಗಳು ಮರದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಹಿಕರಿ ಮರ ಉಳಿದೆಲ್ಲ ಮರಗಳನ್ನೂ ಹಿಂದೆ ಹಾಕಿತು. ಹಿಕರಿ ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಆದರೆ ಒಂದೇ ಮರದಿಂದ ಸೀಳಿದ ಎರಡು ಕೋಲುಗಳೂ ಒಂದೇ ರೀತಿ ಬಾಗುವುದಿಲ್ಲ. ಆಟಗಾರ ಹತ್ತಾರು ಕೋಲುಗಳನ್ನು ಬೀಸಿ ನೋಡಿ, ಕೈಗೆ ಒಪ್ಪಿದ್ದನ್ನು ಆರಿಸಿಕೊಳ್ಳಬೇಕಿತ್ತು.

ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪಂದ್ಯಾವಳಿಗಳನ್ನು ಗೆದ್ದದ್ದು ಹಿಕರಿ ಕೋಲುಗಳಿಂದಲೇ. ಅವರ ಬಗ್ಗೆ ಗಾಲ್ಫ್ ಲೋಕದಲ್ಲೊಂದು ಕಥೆಯಿದೆ. ಅವರು ಬರೀ ಕೈಯ ಅಂದಾಜಿನಿಂದ ಆರಿಸಿದ್ದ ಕೋಲುಗಳನ್ನು ಎಷ್ಟೋ ವರ್ಷಗಳ ನಂತರ ಅಳೆದು ನೋಡಿದರಂತೆ. ಒಂದನ್ನು ಬಿಟ್ಟು ಉಳಿದವೆಲ್ಲ ಒಂದಕ್ಕೊಂದು ಹೊಂದುತ್ತಿದ್ದವಂತೆ. ಆ ಒಂದರಿಂದ ತಮಗೆ ಯಾವಾಗಲೂ ತೊಂದರೆಯೇ ಎಂದು ಜೋನ್ಸ್ ಹೇಳುತ್ತಿದ್ದರಂತೆ! ಪೂರ್ತಿ ನಿಜವೋ ಅಲ್ಲವೋ, ಕೋಲಿನ ಮಹತ್ವವನ್ನು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಡ.

ಉಕ್ಕಿನ ಕೊಳವೆಯ ಕೋಲಿಗೆ ಅಮೆರಿಕದಲ್ಲಿ 1924ರಲ್ಲೂ ಬ್ರಿಟನ್ನಿನಲ್ಲಿ 1929ರಲ್ಲೂ ಅನುಮತಿ ಸಿಕ್ಕಿತು. ಒಂದರಂತೆ ಇನ್ನೊಂದನ್ನು ಮಾಡುವುದು ಆಗ ಸಾಧ್ಯವಾಯಿತು. 1969ರಲ್ಲಿ, ಮೀನಿನ ಗಾಳದ ಕೋಲುಗಳಿಗೆ ಹೆಸರಾದ ಶೇಕ್ಸ್‌ಪಿಯರ್ ಕಂಪೆನಿಯಲ್ಲಿದ್ದ ಎಂಜಿನಿಯರ್ ಫ್ರಾಂಕ್ ಥಾಮಸ್ ಗ್ರಾಫೈಟ್ ಕೋಲನ್ನು ರೂಪಿಸಿದರು. ಇದು ಪೆನ್ಸಿಲ್ಲಿನೊಳಗಿನ ಮೆತ್ತನೆಯ ಗ್ರಾಫೈಟ್ ಅಲ್ಲ. ಇಂಗಾಲದ ನೂಲಿನೆಳೆಗಳನ್ನು ರಾಳದಲ್ಲಿ ಬೆಸೆದದ್ದು. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಟ್ಟು. ಈ ವಸ್ತುವಿನದು ಸುಮಾರು 1.6 ಪಟ್ಟು ಮಾತ್ರ. ಹೀಗಾಗಿ ಉಕ್ಕಿನ ಕೋಲು ಸಾಮಾನ್ಯವಾಗಿ 95ರಿಂದ 130 ಗ್ರಾಂ ತೂಗಿದರೆ, ಗ್ರಾಫೈಟಿನದು 50ರಿಂದ 85 ಗ್ರಾಂ ತೂಗುತ್ತದೆ.

ಕಾಲು ಸೆಕೆಂಡಿನ ಕಥೆ

ಬೀಸಿದಾಗ ಕೋಲಿಗೆ ಏನಾಗುತ್ತದೆ? ಮೇಲೆತ್ತಿದ ಕ್ಲಬ್ ಕೆಳಗಿಳಿದು ಚೆಂಡಿಗೆ ತಾಗಲು ಬೇಕಾಗುವ ಕಾಲ ಸುಮಾರು ಕಾಲು ಸೆಕೆಂಡು. ಮೊದಲು ಕೈಗಳು ಮುಂದೆ ಓಡುತ್ತವೆ, ತಲೆ ತನ್ನ ಜಡತ್ವದಿಂದ ಹಿಂದುಳಿಯುತ್ತದೆ. ಕೋಲು ಹಿಂದಕ್ಕೆ ಬಾಗುತ್ತದೆ. ಬಸ್ಸು ತಟ್ಟನೆ ಹೊರಟಾಗ ನಿಂತ ಪ್ರಯಾಣಿಕರು ಹಿಂದಕ್ಕೆ ವಾಲುವಂತೆ. ಚೆಂಡಿನ ಹತ್ತಿರ ಬರುವ ಹೊತ್ತಿಗೆ ಬಾಗು ಬಿಚ್ಚಿಕೊಂಡು, ಕೋಲು ಸ್ವಲ್ಪ ಮುಂದಕ್ಕೇ ಬಾಗಿರುತ್ತದೆ. ತಲೆಯ ಗುರುತ್ವ ಕೇಂದ್ರ ಕೋಲಿನ ನೇರದಲ್ಲಿಲ್ಲ. ವೇಗವಾಗಿ ಸುತ್ತುವಾಗ ಆ ಕೇಂದ್ರ ಕೈಗಳ ನೇರಕ್ಕೆ ಬರಲು ಎಳೆಯುವುದೇ ಇದಕ್ಕೆ ಮುಖ್ಯ ಕಾರಣ.

ಕೋಲು ಮುಂದಕ್ಕೆ ಬಾಗಿದಷ್ಟೂ ತಲೆಯ ಮುಖ ಆಕಾಶದ ಕಡೆ ತಿರುಗುತ್ತದೆ, ಚೆಂಡು ಎತ್ತರಕ್ಕೇಳುತ್ತದೆ. ಜೊತೆಗೆ ಮುಖ ತುಸು ಎಡಕ್ಕೂ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಬಲಗೈ ಆಟಗಾರನಿಗೆ ಕೋಲು ಅತಿ ಗಡಸಾದರೆ ಚೆಂಡು ತಗ್ಗಿನಲ್ಲಿ, ಬಲಕ್ಕೆ ಹೋಗುವ ಸಂಭವ ಹೆಚ್ಚು. ಅತಿ ಮೆದುವಾದರೆ ಎತ್ತರಕ್ಕೆ, ಎಡಕ್ಕೆ. ಇದು ಒಲವು ಮಾತ್ರ, ನ್ಯೂಟನ್ನನ ನಿಯಮವಲ್ಲ. ಹಿಡಿತ ತಪ್ಪಿದ್ದರೂ ಚೆಂಡು ಬಲಕ್ಕೆ ಹೋಗಬಹುದು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಬೇಕು. ಮೊದಲನೆಯದು, ಕೋಲು ಕವಣೆಯಂತೆ ಚೆಂಡನ್ನು ಚಿಮ್ಮಿಸುತ್ತದೆ ಎಂಬುದು. ಚೆಂಡು ಮತ್ತು ತಲೆ ಒಂದಕ್ಕೊಂದು ಅಂಟಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ ಮಾತ್ರ. ಗಂಟೆಗೆ 160 ಕಿ.ಮೀ. ವೇಗದ ತಲೆ ಅಷ್ಟರಲ್ಲಿ ಚಲಿಸುವುದು ಎರಡು ಸೆಂಟಿಮೀಟರಿನಷ್ಟು! ತಲೆಗೆ ಪೆಟ್ಟು ಬಿದ್ದ ಸುದ್ದಿ ಕೋಲಿನುದ್ದಕ್ಕೂ ಹೋಗಿ ಕೈಗೆ ಮುಟ್ಟಿ ವಾಪಸು ಬರುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ಬ್ರಿಟನ್ನಿನ ವಿಜ್ಞಾನಿಗಳ ತಂಡವೊಂದು ಕೋಲಿನ ಬುಡದಲ್ಲಿ, ತಲೆಯ ಹತ್ತಿರವೇ ಬಾಗಿಲಿಗೆ ಹಾಕುವಂಥ ಕೀಲು ಕೂಡಿಸಿ ಚೆಂಡು ಹೊಡೆಸಿ ನೋಡಿತ್ತು. ಚೆಂಡು ಮಾಮೂಲಿನಂತೆಯೇ ಹಾರಿತು. ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ತಂಡದ ಕೆಲಸವೆಲ್ಲ ದಾಖಲಾಗಿದೆ. ಅಂದರೆ ಕೋಲಿನ ಕೆಲಸ ಮುಖ್ಯವಾಗಿ ಪೆಟ್ಟಿಗೆ ಮೊದಲೇ ಮುಗಿದಿರುತ್ತದೆ. ತಲೆಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಓರೆಯಲ್ಲಿ ಚೆಂಡಿನ ಬಳಿ ತಂದು ನಿಲ್ಲಿಸುವುದೇ ಆ ಕೆಲಸ.

ಎರಡನೆಯದು, ಮೊಬೈಲ್ ಫೋನಿನ ಚಿತ್ರ. ಅದರಲ್ಲಿ ಕೋಲು ಕೆಲವೊಮ್ಮೆ ಕುಡುಗೋಲಿನಂತೆ ಬಾಗಿರುತ್ತದೆ. ಅದನ್ನು ನಂಬಬೇಡಿ. ಫೋನಿನ ಕ್ಯಾಮರಾ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವುದಿಲ್ಲ. ಸಾಲುಸಾಲಾಗಿ ಹಿಡಿಯುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕೋಲು ಮುಂದೆ ಸಾಗಿರುತ್ತದೆ. ಹಾಗಾಗಿ ಚಿತ್ರದಲ್ಲಿ ಕಾಣುವ ಬಾಗಿನ ಬಹುಪಾಲು ಕ್ಯಾಮರಾದ್ದು, ಕೋಲಿನದಲ್ಲ.

ಮೇಜಿನ ಅಂಚಿನ ಪ್ರಯೋಗ

ಈಗ ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಪ್ರಯೋಗ. 30 ಸೆಂ.ಮೀ. ಉದ್ದದ ಉಕ್ಕಿನ ಅಳತೆಪಟ್ಟಿಯನ್ನು ಮೇಜಿನ ಅಂಚಿನಲ್ಲಿಟ್ಟು, 20 ಸೆಂ.ಮೀ. ಹೊರಚಾಚುವಂತೆ ಬಿಗಿಯಾಗಿ ಒತ್ತಿಹಿಡಿಯಿರಿ. ತುದಿಗೆ ಒಂದು ಸಣ್ಣ ತೂಕ ಕಟ್ಟಿ ಎಷ್ಟು ಜಗ್ಗಿತೆಂದು ಅಳೆಯಿರಿ. ಈಗ 10 ಸೆಂ.ಮೀ. ಮಾತ್ರ ಹೊರಚಾಚಲಿ. ತೂಕ ಅದೇ. ಉದ್ದ ಅರ್ಧವಾಯಿತು, ಜಗ್ಗು ಅರ್ಧವಾಯಿತೇ? ಇಲ್ಲ, ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜಗ್ಗು ಉದ್ದದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ ಎಂಬುದೇ ಇದರ ಗುಟ್ಟು.

ಈ ಲೆಕ್ಕವನ್ನು ನಮ್ಮ ಹುಡುಗನ ಕೋಲಿಗೆ ಹಾಕಿದೆವು. ದೊಡ್ಡವರ ಐದನೇ ನಂಬರಿನ ಐರನ್ ಸುಮಾರು 38 ಅಂಗುಲ. ತಂದೆ ಕೊಯ್ದ ಮೇಲೆ ಉಳಿದದ್ದು 33. ಕೋಲು ಉದ್ದಕ್ಕೂ ಒಂದೇ ದಪ್ಪವೆಂದು ಇಟ್ಟುಕೊಂಡರೆ, 38ನ್ನು 33ರಿಂದ ಭಾಗಿಸಿ ಘನ ಮಾಡಿದಾಗ ಬರುವುದು ಸುಮಾರು ಒಂದೂವರೆ. ಅಂದರೆ ಕೋಲು ಒಂದೂವರೆ ಪಟ್ಟು ಗಡಸಾಗಿತ್ತು! ನಿಜವಾದ ಕೋಲು ಕೆಳಗೆ ಸಪೂರವಾಗುತ್ತ ಹೋಗುವುದರಿಂದ ಅಂಕಿ ಇಷ್ಟು ದೊಡ್ಡದಾಗದು. ಆದರೆ ಮಾತು ಸುಳ್ಳಲ್ಲ. ಇನ್ನು ತಲೆಯ ತೂಕ? ಅದು ಹಾಗೇ ಉಳಿದಿತ್ತು, ಸುಮಾರು ಕಾಲು ಕಿಲೋ. ಗಟ್ಟಿಮುಟ್ಟಾದ ಗಂಡಸೊಬ್ಬರಿಗೆಂದು ಮಾಡಿದ ಕೋಲನ್ನು ಮೋಟು ಮಾಡಿ, ಇನ್ನಷ್ಟು ಗಡಸು ಮಾಡಿ, ಹದಿಮೂರು ವರ್ಷದ ಹುಡುಗನ ಕೈಗೆ ಕೊಟ್ಟಂತಾಗಿತ್ತು. ಚೆಂಡು ತಗ್ಗಿನಲ್ಲಿ ಬಲಕ್ಕೆ ಹೋಗುತ್ತಿದ್ದದ್ದರಲ್ಲಿ ಆಶ್ಚರ್ಯವೇನು?

ಇನ್ನೊಂದು ಪ್ರಯೋಗ. ಹ್ಯಾಕ್ಸಾ ಬ್ಲೇಡಿನ ತುದಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಇನ್ನೊಂದು ತುದಿಯನ್ನು ಒತ್ತಿಹಿಡಿದು ಮೀಟಿ. ಉಂಡೆ ದೊಡ್ಡದಾದಷ್ಟೂ ಅಲುಗಾಟ ನಿಧಾನ. ಬ್ಲೇಡು ಗಿಡ್ಡವಾದಷ್ಟೂ ಅಲುಗಾಟ ಚುರುಕು. ಗಾಲ್ಫ್ ಕೋಲಿನ ಗಡಸುತನವನ್ನು ಅಳೆಯುವ ಯಂತ್ರ ಮಾಡುವುದೂ ಇಷ್ಟನ್ನೇ. ಹಿಡಿಯ ತುದಿಯನ್ನು ಇಕ್ಕಳದಲ್ಲಿ ಬಿಗಿದು, ತಲೆಯ ಕಡೆ ಮೀಟಿ, ನಿಮಿಷಕ್ಕೆ ಎಷ್ಟು ಸಲ ಅಲುಗಿತೆಂದು ಎಣಿಸುತ್ತದೆ. ಇದೇ ಕೋಲಿನ ಆವೃತ್ತಿ. ಸಾಧಾರಣ ಗಡಸಿನ ಡ್ರೈವರಿಗೆ ಇದು 250ರ ಆಸುಪಾಸು. ಅಂದರೆ ಒಂದು ಅಲುಗಾಟಕ್ಕೆ ಕಾಲು ಸೆಕೆಂಡಿಗಿಂತ ಕೂದಲೆಳೆಯಷ್ಟು ಕಡಿಮೆ. ಬೀಸು ಇಳಿಯಲು ಬೇಕಾದ ಕಾಲವೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ. ಕೈಯಲ್ಲಿರುವ ಕೋಲು ಇಕ್ಕಳದಲ್ಲಿರುವಂತೆ ಸ್ವತಂತ್ರವಾಗಿ ಅಲುಗುವುದಿಲ್ಲ, ನಿಜ. ಆದರೂ ಎರಡು ಕಾಲಗಳೂ ಒಂದೇ ಅಳತೆಯವಾದ್ದರಿಂದ, ಕೋಲಿನ ಗಡಸು ಬದಲಾದರೆ ಪೆಟ್ಟಿನ ಕ್ಷಣದಲ್ಲಿ ಅದರ ಬಾಗೂ ಬದಲಾಗುತ್ತದೆ.

ಅಕ್ಷರಗಳ ಆಟ

ಅಂಗಡಿಯ ಕೋಲುಗಳ ಮೇಲೆ ಒಂದೊಂದು ಅಕ್ಷರ ಅಚ್ಚಾಗಿರುತ್ತದೆ. ಎಲ್ ಎಂದರೆ ಮಹಿಳೆಯರಿಗೆಂದು ಮಾಡಿದ ಅತಿ ಮೆದು ಕೋಲು. ನಂತರ ಎ, ಇದು ಹಿರಿಯರಿಗೆ. ಆರ್ ಸಾಧಾರಣ, ಎಸ್ ಗಡಸು, ಎಕ್ಸ್ ಅತಿ ಗಡಸು. ಡ್ರೈವರ್ ಬೀಸಿದಾಗ ತಲೆಯ ವೇಗ ಎಷ್ಟು ಎಂಬುದರ ಮೇಲೆ ಇವನ್ನು ಹಂಚುವ ರೂಢಿಯಿದೆ. ಗಂಟೆಗೆ 120 ಕಿ.ಮೀ.ಗಿಂತ ಕಡಿಮೆಯಿದ್ದರೆ ಎಲ್, 120ರಿಂದ 137ರವರೆಗೆ ಎ, 153ರವರೆಗೆ ಆರ್, 169ರವರೆಗೆ ಎಸ್, ಅದರಾಚೆ ಎಕ್ಸ್.

ಆದರೆ ಎಚ್ಚರ! ಈ ಅಕ್ಷರಗಳಿಗೆ ಜಗತ್ತಿನಲ್ಲೆಲ್ಲ ಒಪ್ಪಿದ ಒಂದು ಅಳತೆಯಿಲ್ಲ. ಕಿಲೋಗ್ರಾಂ, ಮೀಟರ್ ಇದ್ದಂತೆ ಇದಲ್ಲ. ಒಂದು ಕಂಪೆನಿಯ ಆರ್ ಇನ್ನೊಂದರ ಎಸ್‌ಗೆ ಸಮವಾಗಿರಬಹುದು. ಸಿದ್ಧ ಉಡುಪಿನ ಅಂಗಡಿಯಲ್ಲಿ ಒಂದು ಕಡೆ ‘ಮೀಡಿಯಂ’ ಸರಿಹೋದವರಿಗೆ ಇನ್ನೊಂದು ಕಡೆ ‘ಲಾರ್ಜ್’ ಬೇಕಾಗುವಂತೆ. ಅಂಗಿಯನ್ನು ತೊಟ್ಟು ನೋಡುತ್ತೇವಲ್ಲ, ಕೋಲನ್ನೂ ಬೀಸಿ ನೋಡಬೇಕು.

ಅಕ್ಷರದ ಮೋಹ ಎಷ್ಟೆಂಬುದಕ್ಕೊಂದು ಉದಾಹರಣೆ. ನನ್ನ ಪರಿಚಿತರೊಬ್ಬರು ಹನ್ನೊಂದು ವರ್ಷದ ಮಗಳಿಗೆ ಹೆಸರಾಂತ ಆಟಗಾರರೊಬ್ಬರು ಬಳಸುವಂಥದೇ ಕೋಲು ತರಿಸಿಕೊಟ್ಟರು. ಎಕ್ಸ್ ಅಕ್ಷರದ್ದು! ಬೆಲೆ ಕೇಳಿ ನಾನು ಸುಮ್ಮನಾದೆ. “ಒಳ್ಳೆಯದೇ ಇರಲಿ ಅಂತ ತಂದೆ ಸಾರ್, ಬೆಳೀತಾ ಬೆಳೀತಾ ಸರಿಹೋಗುತ್ತೆ” ಎಂದರು. ಮಗು ಆರು ತಿಂಗಳು ಅದರೊಡನೆ ಗುದ್ದಾಡಿ ಆಟದ ಹೆಸರೆತ್ತಿದರೆ ಮುಖ ತಿರುಗಿಸುವಂತಾಯಿತು. ಬಡವರ ಹುಡುಗನಿಗೆ ಮೋಟು ಕೋಲು, ಅನುಕೂಲವಂತರ ಹುಡುಗಿಗೆ ದುಬಾರಿ ಕೋಲು. ಇಬ್ಬರ ಕೈಯಲ್ಲಿದ್ದದ್ದೂ ಬೇರೆ ಯಾರದೋ ಬೀಸಿಗೆ ಮಾಡಿದ ಕೋಲು.

ಆರಿಸುವುದು ಹೇಗೆ?

ಮೊದಲು ಬೀಸನ್ನು ಅಳೆಯಿರಿ, ಆಮೇಲೆ ಕೋಲನ್ನು ನೋಡಿ. ಕ್ಲಬ್ಬಿನ ಮತ್ತು ಚೆಂಡಿನ ವೇಗವನ್ನು ಅಳೆಯುವ ಯಂತ್ರಗಳು ಈಗ ಅಭ್ಯಾಸದ ಮೈದಾನಗಳಲ್ಲೂ ಕ್ಲಬ್ ಮಾರುವ ದೊಡ್ಡ ಅಂಗಡಿಗಳಲ್ಲೂ ಇರುತ್ತವೆ. ಯಂತ್ರ ಸಿಗದಿದ್ದರೆ ಒಂದು ಒರಟು ಅಂದಾಜು: ಡ್ರೈವರಿನಿಂದ ಚೆನ್ನಾಗಿ ತಾಗಿದ ಚೆಂಡು ಗಾಳಿಯಲ್ಲೇ ಸುಮಾರು 200 ಗಜ ಹೋಗುತ್ತಿದ್ದರೆ, ತಲೆಯ ವೇಗ ಗಂಟೆಗೆ 145 ಕಿ.ಮೀ. ಆಸುಪಾಸಿನಲ್ಲಿದೆ ಎನ್ನಬಹುದು.

ವೇಗವೊಂದೇ ಸಾಲದು, ಲಯವೂ ಮುಖ್ಯ. ಒಂದೇ ವೇಗದ ಇಬ್ಬರಲ್ಲಿ ಒಬ್ಬ ನೀರು ಹರಿದಂತೆ ಬೀಸಬಹುದು. ಇನ್ನೊಬ್ಬ ಮೇಲಿನಿಂದ ತಟ್ಟನೆ ಜಗ್ಗಬಹುದು. ಜಗ್ಗುವವನ ಕೋಲು ಹೆಚ್ಚು ಬಾಗುತ್ತದೆ. ಅವನಿಗೆ ಒಂದು ಮೆಟ್ಟಿಲು ಗಡಸಾದದ್ದು ಒಪ್ಪಬಹುದು. ಸಾವಧಾನದ ಬೀಸಿಗೆ ಒಂದು ಮೆಟ್ಟಿಲು ಮೆದುವಾದದ್ದು.

ಮೂರನೆಯದು ತೂಕ. ಮಕ್ಕಳ ವಿಷಯದಲ್ಲಿ ಗಡಸಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ. ಕೋಲು ಭಾರವಾದರೆ ಮಗು ತೋಳಿನಿಂದ ಬೀಸುವ ಬದಲು ಇಡೀ ಮೈಯನ್ನು ತೂರಾಡಿಸುತ್ತದೆ. ಕೊನೆಗೆ ಆ ತೂರಾಟವೇ ಅಭ್ಯಾಸವಾಗಿಬಿಡುತ್ತದೆ. ಅತಿ ಹಗುರವಾದರೂ ತೊಂದರೆಯೇ. ತಲೆ ಎಲ್ಲಿದೆ ಎಂಬುದೇ ಕೈಗೆ ತಿಳಿಯದೆ ಲಯ ತಪ್ಪುತ್ತದೆ. ಹತ್ತು ಸಲ ಬೀಸಿದ ಮೇಲೂ ಹನ್ನೊಂದನೆಯ ಬೀಸು ಮೊದಲಿನಂತೆಯೇ ಇದ್ದರೆ ತೂಕ ಸರಿಯಾಗಿದೆ ಎಂದರ್ಥ.

ಕೋಲು ಎಷ್ಟು ತಿರುಚಿಕೊಳ್ಳುತ್ತದೆ, ಯಾವ ಜಾಗದಲ್ಲಿ ಹೆಚ್ಚು ಬಾಗುತ್ತದೆ ಎಂಬ ವಿವರಗಳೂ ಇವೆ. ಅವು ಆಟ ಪಳಗಿದವರಿಗೆ. ಕಲಿಯುವವರು ಅಷ್ಟು ದೂರ ಹೋಗಬೇಕಾಗಿಲ್ಲ.

ಕೊನೆಯದಾಗಿ, ವಿಜ್ಞಾನದ ಮೇಷ್ಟರ ಸಲಹೆ. ಎರಡು ಮೂರು ಕೋಲುಗಳನ್ನು ಹೋಲಿಸುವಾಗ ಅವುಗಳ ಮೇಲಿನ ಅಕ್ಷರ, ಹೆಸರು, ಬೆಲೆ ಎಲ್ಲವನ್ನೂ ಕಾಗದದ ಪಟ್ಟಿ ಅಂಟಿಸಿ ಮುಚ್ಚಿಬಿಡಿ. ತಲೆಯೂ ಚೆಂಡೂ ಒಂದೇ ಬಗೆಯವಾಗಿರಲಿ, ಕೋಲು ಮಾತ್ರ ಬದಲಾಗಲಿ. ಒಂದರ ನಂತರ ಒಂದನ್ನು ಸರದಿಯಂತೆ ಬದಲಿಸುತ್ತ ಪ್ರತಿಯೊಂದರಿಂದ ಹತ್ತು ಹನ್ನೆರಡು ಚೆಂಡು ಹೊಡೆಯಿರಿ. ಒಂದರಿಂದಲೇ ಮೊದಲು ಎಲ್ಲವನ್ನೂ ಹೊಡೆದರೆ ಎರಡನೆಯದರ ಹೊತ್ತಿಗೆ ದಣಿವು ಬಂದು ಲೆಕ್ಕ ಕೆಡುತ್ತದೆ. ಚೆಂಡುಗಳು ಬಿದ್ದ ಜಾಗವನ್ನು ಹಾಳೆಯಲ್ಲಿ ಗುರುತಿಸಿ. ಅತಿ ದೂರ ಹೋದ ಒಂದೇ ಚೆಂಡನ್ನು ನೋಡಿ ಮರುಳಾಗಬೇಡಿ. ಎಲ್ಲ ಚೆಂಡುಗಳೂ ಹತ್ತಿರ ಹತ್ತಿರ ಬಿದ್ದದ್ದು ಯಾವ ಕೋಲಿನಿಂದ? ಅದೇ ನಿಮ್ಮದು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ಅವರಿಗಿಂತ ಬಹಳ ದೂರ ಹೊಡೆಯುವವರು ಅಲ್ಲಿ ಎಷ್ಟೋ ಮಂದಿಯಿದ್ದರು. ಪದಕಕ್ಕೆ ಒಂದೇ ಹೊಡೆತದಷ್ಟು ಹತ್ತಿರ ಅವರನ್ನು ತಂದದ್ದು ದೂರವಲ್ಲ, ನಿಖರತೆ.

ತಂದೆಯ ಪ್ರಶ್ನೆ

ಹುಡುಗನ ಕಥೆಗೆ ಮರಳೋಣ. ಮೊದಲು ಎರಡು ವಾರ ಆಟ ನಿಲ್ಲಿಸಿ ಮೊಣಕೈಗೆ ವಿಶ್ರಾಂತಿ ಕೊಡು ಎಂದೆ. ಆಮೇಲೆ ಒಂದು ಸೋಮವಾರ, ಮೈದಾನದ ಕೆಲಸಗಾರರ ಮಕ್ಕಳಿಗೆ ಆಡಲು ಬಿಡುವ ಹೊತ್ತಿನಲ್ಲಿ, ನಾನೂ ನೋಟ್‌ಬುಕ್ ಹಿಡಿದು ಹೋದೆ. ಅಲ್ಲಿಯ ಹಿರಿಯ ಕ್ಯಾಡಿಯೊಬ್ಬರು ಮಹಿಳೆಯರಿಗೆಂದು ಮಾಡಿದ, ಎಲ್ ಅಕ್ಷರದ ಹಗುರ ಗ್ರಾಫೈಟ್ ಕೋಲಿನ ಐದನೇ ನಂಬರ್ ಹುಡುಕಿಕೊಟ್ಟರು. ಹಿಡಿಯನ್ನು ಎರಡು ಅಂಗುಲ ಕೆಳಗೆ ಹಿಡಿಯುವಂತೆ ಹೇಳಿದರು. ಹುಡುಗನಿಗೆ ಮೊದಲು ನಾಚಿಕೆಯಾಯಿತು. “ಚೆಂಡಿಗೆ ಅದೆಲ್ಲ ಗೊತ್ತಾಗಲ್ಲ, ಹೊಡಿಯಪ್ಪ” ಎಂದೆ.

ಸರದಿಯಂತೆ ಎರಡೂ ಕೋಲುಗಳಿಂದ ಹನ್ನೆರಡು ಹನ್ನೆರಡು ಚೆಂಡು ಹೊಡೆದ. ಮೋಟು ಉಕ್ಕಿನ ಕೋಲಿನಿಂದ ಒಂಬತ್ತು ಬಲಕ್ಕೆ ಹೋದವು, ಎಲ್ಲವೂ ನೆಲ ಸವರಿಕೊಂಡೇ. ಹಗುರ ಕೋಲಿನಿಂದ ಐದು ಬಲಕ್ಕೆ, ಮೂರು ಎಡಕ್ಕೆ, ನಾಲ್ಕು ನೆಟ್ಟಗೆ. ಹೆಚ್ಚಿನವು ಎದುರಿನ ನೀಲಗಿರಿ ಮರದ ಅರ್ಧದಷ್ಟು ಎತ್ತರಕ್ಕೆ ಎದ್ದವು. ಇಲ್ಲಿ ಗಡಸು, ತೂಕ, ಉದ್ದ ಮೂರೂ ಒಟ್ಟಿಗೆ ಬದಲಾಗಿದ್ದವು. ಹಾಗಾಗಿ ಇದನ್ನು ಕಟ್ಟುನಿಟ್ಟಾದ ಪ್ರಯೋಗ ಎನ್ನಲಾರೆ. ಆದರೆ ಕೋಲು ಮುಗ್ಧವಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತ್ತು.

ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನೋಡುತ್ತಿದ್ದ ತಂದೆ ಹತ್ತಿರ ಬಂದರು. ಮೋಟು ಕೋಲನ್ನು ಕೈಗೆತ್ತಿಕೊಂಡು, ತಾವೇ ಸುತ್ತಿದ್ದ ಟ್ಯೂಬನ್ನು ಸವರುತ್ತ ಕೇಳಿದರು: “ಹಂಗಾರೆ ನನ್ ಮಗಂದು ತಪ್ಪಿಲ್ವಾ ಸಾ?”

ಆ ಪ್ರಶ್ನೆಯಲ್ಲಿ ಸಮಾಧಾನವೂ ಇತ್ತು, ಕೊಯ್ದವನು ನಾನಲ್ಲವೇ ಎಂಬ ನೋವೂ ಇತ್ತು. “ನೀವು ಪ್ರೀತಿಯಿಂದ ಮಾಡಿದ್ರಿ, ಅದರಲ್ಲಿ ತಪ್ಪಿಲ್ಲ. ಹುಡುಗನ ತಪ್ಪೂ ಇದೆ. ನೋಡಿ, ಹಗುರ ಕೋಲಿನಲ್ಲೂ ಐದು ಬಲಕ್ಕೇ ಹೋದವು. ಅದು ಅವನ ಹಿಡಿತದ್ದು. ಕೋಲಿನ ತಪ್ಪು ಮುಚ್ಚಿಕೊಂಡಿದ್ದಾಗ ಅವನ ತಪ್ಪು ಯಾವುದು ಅಂತ ಯಾರಿಗೂ ಕಾಣ್ತಿರಲಿಲ್ಲ. ಈಗ ಕಾಣುತ್ತೆ. ಕಂಡ ತಪ್ಪನ್ನು ತಿದ್ದಬಹುದು” ಎಂದೆ. ಹಿರಿಯ ಕ್ಯಾಡಿ ಆಗಲೇ ಹುಡುಗನ ಎಡಗೈ ಹೆಬ್ಬೆರಳನ್ನು ಸರಿಯಾದ ಜಾಗಕ್ಕೆ ಸರಿಸುತ್ತಿದ್ದರು.

ಹುಡುಗ ಈಗ ಒಂಬತ್ತನೇ ತರಗತಿ. ಸೋಮವಾರಗಳಂದು ಆಡುತ್ತಾನೆ. ದೊಡ್ಡ ಆಟಗಾರನಾಗುತ್ತಾನೋ ಇಲ್ಲವೋ ನಾನು ಹೇಳಲಾರೆ. ಮೊಣಕೈ ನೋವು ಹೋಗಿದೆ, ಚೆಂಡು ಮೇಲೇಳುತ್ತಿದೆ, ಆಟ ಬಿಡುವ ಮಾತು ನಿಂತಿದೆ. ಆ ಮೋಟು ಕೋಲು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಬಂದಿದೆ. ಪ್ರತಿ ವರ್ಷ ಸ್ಥಿತಿಸ್ಥಾಪಕತೆಯ ಪಾಠದ ದಿನ ಅದನ್ನು ಮೇಜಿನ ಅಂಚಿಗೆ ಬಿಗಿದು, ತುದಿಗೆ ತೂಕ ಕಟ್ಟಿ, ಎಷ್ಟು ಜಗ್ಗಿತೆಂದು ಮಕ್ಕಳಿಂದಲೇ ಅಳೆಸಬೇಕೆಂದಿದ್ದೇನೆ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಗಾಲ್ಫ್ ಇರಲಿ, ಕ್ರಿಕೆಟ್ ಬ್ಯಾಟ್ ಇರಲಿ, ಷಟಲ್ ರ್‍ಯಾಕೆಟ್ ಇರಲಿ, ಮಗುವಿಗೆ ಏನನ್ನಾದರೂ ಕೊಡಿಸುವ ಮೊದಲು ಐದು ನಿಮಿಷ ಅದು ಆಡುವುದನ್ನು ನೋಡಿ. ಮಗುವಿಗೆ ಇದು ಕೂಡಿಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು, ಅದರ ಕೈಯಲ್ಲಿರುವ ಕೋಲು ಅದರದ್ದೇ ಹೌದೋ ಅಲ್ಲವೋ ಎಂದು ಒಮ್ಮೆ ಅಳೆದು ನೋಡಿ.